ಹಸನು ಮಾಡಿ ಕೊಡುವುದು

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನನಗೆ ಹೇಳಿಕಳುಹಿಸಿದಾಗ ಅವರ ಮನಸ್ಸಿನಲ್ಲಿದ್ದುದು ಷಟ್ಪದಿ ಕಾವ್ಯಗಳ ಬಗೆಗೋ ಬಾಗಳಿಯ ಕಲ್ಲೇಶ್ವರ ದೇವಾಲಯದ ಶಾಸನಗಳ ಬಗೆಗೋ ಒಂದು ಬರಹವೆಂಬುದನ್ನು ನಾನು ಬಲ್ಲೆ. ಇಪ್ಪತ್ತೇಳು ವರ್ಷಗಳಿಂದ ಈ ಶಾಲೆಯಲ್ಲಿ ಕನ್ನಡ ಪಂಡಿತನೆನ್ನಿಸಿಕೊಂಡವನಿಂದ ಬೇರೇನನ್ನು ತಾನೆ ನಿರೀಕ್ಷಿಸಲಾದೀತು? ಆದರೆ ಈ ಬಾರಿ ನಾನು ಬರೆಯಹೊರಟಿರುವುದು ಶಾಲೆಯ ಹಳೆಯ ಗಣಕಯಂತ್ರಗಳನ್ನು ಕುರಿತು. ಶೀರ್ಷಿಕೆಯನ್ನು ನೋಡಿ ಜೋಳದ ವಿಷಯವಿರಬೇಕೆಂದುಕೊಂಡ ಓದುಗರು ಕ್ಷಮಿಸಬೇಕು. ಕೊನೆಯವರೆಗೆ ತಾಳ್ಮೆಯಿಂದ ಓದಿದರೆ ಜೋಳದ ವಿಷಯವೂ ಬಂದೇ ಬರುತ್ತದೆ.

ನನ್ನ ವಿದ್ಯಾಭ್ಯಾಸ ನಡೆದದ್ದು ಪಾಠಶಾಲೆಯ ಕಂಬಳಿಯ ಮೇಲೆ. ಶಬ್ದಮಣಿದರ್ಪಣದ ಸೂತ್ರಗಳನ್ನು ಗುರುಗಳೆದುರಿಗೆ ಕುಳಿತು ಬಾಯಿಪಾಠ ಮಾಡಿ, ಕನ್ನಡ ಸಾಹಿತ್ಯ ಪರಿಷತ್ತಿನ ಕಾವ, ಜಾಣ ಪರೀಕ್ಷೆಗಳನ್ನು ದಾಟಿ, ವಿದ್ವತ್ ಪರೀಕ್ಷೆಗೆ ಕುಳಿತವನು ನಾನು. ಗುರುಗಳ ಮನೆಯಲ್ಲಿ ತಾಳೆಗರಿಯ ಕಟ್ಟುಗಳಿದ್ದುವು. ಅವುಗಳನ್ನು ವರ್ಷಕ್ಕೊಮ್ಮೆ ಬಿಚ್ಚಿ, ಧೂಳೊರೆಸಿ, ಎಣ್ಣೆ ಸವರಿ ಮತ್ತೆ ಕಟ್ಟಿಡುವ ಕೆಲಸ ಶಿಷ್ಯರಾದ ನಮ್ಮದು. ಹೀಗೆ ಬೆಳೆದವನಿಗೆ ಯಂತ್ರದ ಸಹವಾಸ ಒದಗಿದ್ದು 2003ರ ಸುಮಾರಿಗೆ. ಆಗ ನಮ್ಮ ಶಾಲೆಗೆ ಮೊದಲ ಗಣಕಯಂತ್ರಗಳು ಬಂದುವು. ಶ್ರೀಮಠದ ಪೂಜ್ಯರು ಆ ಕೊಠಡಿಯ ಬಾಗಿಲನ್ನು ತೆರೆದರು. ಯಂತ್ರಗಳಿಗೆ ವಿಭೂತಿ ಕುಂಕುಮಗಳನ್ನಿಟ್ಟೆವು. ಮಕ್ಕಳು ಪಾದರಕ್ಷೆಗಳನ್ನು ಹೊರಗೆ ಬಿಟ್ಟು ಗರ್ಭಗುಡಿಯನ್ನು ಹೊಗುವಂತೆ ಒಳಹೊಕ್ಕರು. ಪರದೆಗಳೋ, ಹೊಟ್ಟೆ ಬೆಳೆದ ಗುಡಾಣಗಳಂತೆ ಹಿಂದಕ್ಕೆ ಚಾಚಿಕೊಂಡಿದ್ದುವು.

ನಾನು ಅವುಗಳಿಂದ ದೂರವೇ ಉಳಿಯುತ್ತಿದ್ದೆನೇನೋ. ಆದರೆ ಅದುವರೆಗೆ ಅಚ್ಚುಮೊಳೆ ಜೋಡಿಸಿ ನಮ್ಮ ವಾರ್ಷಿಕ ಸಂಚಿಕೆಯನ್ನು ಮುದ್ರಿಸಿಕೊಡುತ್ತಿದ್ದ ಮುದ್ರಣಾಲಯ ಮುಚ್ಚಿಹೋಯಿತು. ಸಂಚಿಕೆಯ ಕರಡನ್ನು ತಿದ್ದುತ್ತಿದ್ದವನು ನಾನೇ ಆದುದರಿಂದ ಬೆರಳಚ್ಚನ್ನೂ ನಾನೇ ಕಲಿಯಬೇಕಾಯಿತು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿಯೇ ಬಂದಿತ್ತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಸರಕಾರಿ ಕಚೇರಿಗಳಿಗೆಲ್ಲ ಬರುತ್ತಿತ್ತು. ನುಡಿಯ ಕೀಲಿಮಣೆಯ ವಿನ್ಯಾಸಕ್ಕೆ ಕೆ. ಪಿ. ರಾವ್ ಅವರ ವಿನ್ಯಾಸವೇ ಮೂಲ. ಅದರಲ್ಲಿ ಒತ್ತಕ್ಷರ ಬರೆಯಬೇಕಾದರೆ ಎರಡು ವ್ಯಂಜನಗಳ ನಡುವೆ ಕೂಡಿಸುವ ಕೀಲಿಯೊಂದನ್ನು ಒತ್ತಬೇಕು. ಅದನ್ನು ಕಂಡ ದಿನ ನನಗಾದ ಆನಂದ ಹೇಳತೀರದು. ಸಂಯುಕ್ತಾಕ್ಷರವೆಂದರೆ ಸ್ವರವಿಲ್ಲದ ವ್ಯಂಜನಕ್ಕೆ ಇನ್ನೊಂದು ವ್ಯಂಜನ ಸೇರುವುದು ಎಂದು ನಾನು ಕಪ್ಪುಹಲಗೆಯ ಮೇಲೆ ಬರೆದು ಬರೆದು ಹೇಳುತ್ತಿದ್ದುದನ್ನು ಈ ಯಂತ್ರ ಬೆರಳ ತುದಿಯಿಂದಲೇ ಕಲಿಸುತ್ತಿತ್ತು! ಅಂದಿನಿಂದ ಗಣಕಯಂತ್ರ ನನಗೆ ಅನ್ಯವಾಗಿ ಉಳಿಯಲಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ವಿಂಡೋಸ್ 10 ಎಂಬ ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ತನ್ನ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಅದರ ಮುಂದಿನದಾದ ವಿಂಡೋಸ್ 11ಕ್ಕೆ ಬೇಕಾದ ರಕ್ಷಣಾ ಬಿಲ್ಲೆ ನಮ್ಮ ಹಳೆಯ ಯಂತ್ರಗಳಲ್ಲಿರಲಿಲ್ಲ. ಜಗತ್ತಿನ ಎಷ್ಟೋ ಕಚೇರಿಗಳಲ್ಲಿ, ಕೆಟ್ಟಿಲ್ಲದ ಯಂತ್ರಗಳೂ ಹೀಗೆ ಒಮ್ಮೆಗೇ ಮುದಿಯಾದುವು. ನಮ್ಮ ಪೂರ್ವವಿದ್ಯಾರ್ಥಿಗಳು ಮುಂದೆ ಬಂದು, ದಾನಿಗಳ ನೆರವನ್ನೂ ಕೂಡಿಸಿ, ಕಚೇರಿಗೂ ಗಣಕ ಕೊಠಡಿಗೂ ಹೊಸ ಯಂತ್ರಗಳನ್ನು ಒದಗಿಸಿಕೊಟ್ಟರು. ಅವರ ಔದಾರ್ಯವನ್ನು ಈ ಸಂಚಿಕೆಯಲ್ಲಿಯೇ ಬೇರೆಯವರು ಬರೆದಿರುವರಾದ್ದರಿಂದ ನಾನು ವಿಸ್ತರಿಸುವುದಿಲ್ಲ. ಹೊಸವು ಬಂದುವು, ಹಳೆಯ ಇಪ್ಪತ್ತೆರಡು ಯಂತ್ರಗಳು ಉಗ್ರಾಣ ಸೇರಿದುವು. ಅವುಗಳನ್ನೇನು ಮಾಡಬೇಕೆಂಬ ಪ್ರಶ್ನೆ ಎದ್ದಿತು.

ಸಭೆಯಲ್ಲಿ ಮೂರು ಅಭಿಪ್ರಾಯಗಳು ಬಂದುವು. ಗುಜರಿಗೆ ಹಾಕಿ ಕೈತೊಳೆದುಕೊಳ್ಳೋಣವೆಂದರು ಕೆಲವರು. ಗುಜರಿಯವನು ಅದಾಗಲೇ ಬಂದು, ಉಗ್ರಾಣದ ಬಾಗಿಲಲ್ಲಿ ನಿಂತು, “ಎಲ್ಲಾ ಕೂಡಿಸಿ ತೂಕದ ಮ್ಯಾಲೆ ತಗೊಂತೀನ್ರೀ” ಎಂದು ಹೇಳಿ ಹೋಗಿದ್ದ. ಮಾರಿ ಬಂದ ಹಣವನ್ನು ಗ್ರಂಥಾಲಯಕ್ಕೆ ಬಳಸೋಣವೆಂದರು ಕೆಲವರು. ಹಳ್ಳಿಯ ಶಾಲೆಗಳಿಗೆ ದಾನವಾಗಿ ಕೊಡೋಣವೆಂಬುದು ಮೂರನೆಯ ಅಭಿಪ್ರಾಯ. ಇದಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು. “ಒಳಗಿರೋದನ್ನೆಲ್ಲ ಡಿಲೀಟ್ ಮಾಡಿ, ನಾಳೇನೇ ಗಾಡಿಗೆ ಹಾಕಿ ಕಳಿಸಿಬಿಡೋಣ” ಎಂದು ಒಬ್ಬರು ಮುಗಿಸಿಯೂ ಬಿಟ್ಟರು.

ನನಗೆ ಆಗ ನೆನಪಾದವನು ಕಠೋಪನಿಷತ್ತಿನ ನಚಿಕೇತ. ಅವನ ತಂದೆ ಯಜ್ಞವೊಂದನ್ನು ಮಾಡಿ, ಸರ್ವಸ್ವವನ್ನೂ ದಾನ ಮಾಡುವೆನೆಂದು ಹೊರಟು, ಹಾಲು ಬತ್ತಿದ ಮುದಿ ಹಸುಗಳನ್ನು ದಕ್ಷಿಣೆಯಾಗಿ ಕೊಡುತ್ತಿದ್ದ. ಎಳೆಯನಾದ ಮಗನಿಗೆ ಅದನ್ನು ಕಂಡು ಮನಸ್ಸು ತಡೆಯಲಿಲ್ಲ. ಕೊಟ್ಟವನಿಗೆ ಕೊಟ್ಟೆನೆಂಬ ಹೆಸರು, ಪಡೆದವನಿಗೆ ಮೇವು ಹೊಂಚುವ ಹೊರೆ: ಅದು ದಾನವಾದೀತೆ? ಕೆಟ್ಟ ಯಂತ್ರವನ್ನು ಹಳ್ಳಿಯ ಶಾಲೆಗೆ ಸಾಗಿಸಿದರೆ ನಮ್ಮ ಉಗ್ರಾಣ ಖಾಲಿಯಾಗುತ್ತದೆ, ಅವರ ಉಗ್ರಾಣ ತುಂಬುತ್ತದೆ. ಇದು ಒಂದು ಚಿಂತೆ. ಎರಡನೆಯದು ಇನ್ನೂ ಹತ್ತಿರದ್ದು, ನಚಿಕೇತನದಲ್ಲ, ನನ್ನದೇ. ಅದನ್ನು ಆ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಇಲ್ಲಿಯೂ ಹೇಳುತ್ತೇನೆ, ಅಧ್ಯಾಪಕನಾದವನು ತನ್ನ ತಪ್ಪನ್ನು ತಾನೇ ಬರೆದಿಟ್ಟರೆ ಇತರರಿಗೆ ಅದು ಪಾಠವಾದೀತೆಂಬ ಆಸೆಯಿಂದ.

ಸುಮಾರು ಹತ್ತು ವರ್ಷಗಳ ಹಿಂದೆ ನಮ್ಮ ಮನೆಯ ಗಣಕಯಂತ್ರವನ್ನು ಕೊಟ್ಟೂರಿನಲ್ಲಿರುವ ನನ್ನ ಭಾವಮೈದುನನ ಮಗನಿಗೆ ಕೊಟ್ಟೆ. ಹುಡುಗ ಕಾಲೇಜು ಓದುತ್ತಿದ್ದ. ಕೊಡುವ ಮುನ್ನ ನನ್ನ ಬರಹಗಳನ್ನೆಲ್ಲ ಒಂದೊಂದಾಗಿ ಅಳಿಸಿ, ಕಸದ ಬುಟ್ಟಿಯನ್ನೂ ಬರಿದು ಮಾಡಿ, ಶುಚಿಯಾಯಿತೆಂದು ನಂಬಿದ್ದೆ. ಕೆಲವು ತಿಂಗಳ ಮೇಲೆ ಅವನು ತನ್ನ ಚಿತ್ರಗಳೇನೋ ಕಳೆದುಹೋದುವೆಂದು, ಅಳಿದುದನ್ನು ಹುಡುಕಿ ಕೊಡುವ ತಂತ್ರಾಂಶವೊಂದನ್ನು ಹಾಕಿ ನೋಡಿದನಂತೆ. ಅವನ ಚಿತ್ರಗಳ ಜೊತೆಗೆ ನನ್ನ ಪತ್ರಗಳೂ ಎದ್ದು ಬಂದುವು. ಅವುಗಳಲ್ಲೊಂದು, ಬಡ ವಿದ್ಯಾರ್ಥಿನಿಯೊಬ್ಬಳ ಶುಲ್ಕಕ್ಕಾಗಿ ನಾನು ದಾನಿಯೊಬ್ಬರಿಗೆ ಬರೆದದ್ದು. ಅವಳ ಮನೆಯ ಸ್ಥಿತಿ, ತಂದೆಯ ಕುಡಿತ, ತಾಯಿಯ ಕೂಲಿ, ಸಾಲ, ಎಲ್ಲವೂ ಅದರಲ್ಲಿತ್ತು. ದಾನಿಯ ಮನಸ್ಸು ಕರಗಲೆಂದು ಒಂದನ್ನೂ ಮುಚ್ಚಿಡದೆ ಬರೆದಿದ್ದೆ.

ಹುಡುಗ ಒಂದು ಭಾನುವಾರ ಹರಪನಹಳ್ಳಿಗೆ ಬಂದು, ಪಡಸಾಲೆಯಲ್ಲಿ ತಲೆ ತಗ್ಗಿಸಿ ಕುಳಿತ. “ಮಾವಾ, ನಾನು ಓದಬಾರದಿತ್ತು, ಓದಿಬಿಟ್ಟೆ. ಆಕಿ ನಮ್ಮ ಕ್ಲಾಸಿನಾಕಿ” ಎಂದ.

ನನ್ನ ಕೈಕಾಲುಗಳಲ್ಲಿ ಬಲವೇ ಉಡುಗಿದಂತಾಯಿತು. ಆ ಹುಡುಗಿ ನನ್ನೆದುರು ಅತ್ತು ಹೇಳಿಕೊಂಡ ಮಾತುಗಳವು. ನನ್ನ ಮೇಲಿನ ನಂಬಿಕೆಯಿಂದ ಹೇಳಿದ್ದಳು. ಹುಡುಗ ಆ ಮಾತನ್ನು ಯಾರಿಗೂ ಹೇಳಲಿಲ್ಲ. ನನ್ನೆದುರಿಗೇ ಅದನ್ನು ತೆಗೆದುಹಾಕಿದ. ಅವನ ಸಂಸ್ಕಾರ ದೊಡ್ಡದು. ಆದರೆ ಆಕೆಯ ಮಾನ ಉಳಿದದ್ದು ಅವನ ಸಂಸ್ಕಾರದಿಂದಲೇ ಹೊರತು ನನ್ನ ಎಚ್ಚರಿಕೆಯಿಂದಲ್ಲ. ಆ ಯಂತ್ರ ಬೇರೆಯವರ ಕೈ ಸೇರಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ.

ಇಷ್ಟನ್ನು ಕೇಳಿದ ಮೇಲೆ ಸಭೆ ಸ್ವಲ್ಪ ಹೊತ್ತು ಸುಮ್ಮನಿತ್ತು. ನಮ್ಮ ಕಚೇರಿಯ ಯಂತ್ರಗಳಲ್ಲಿ ಏನೇನಿವೆಯೆಂದು ಗುಮಾಸ್ತರನ್ನು ಕೇಳಿದರು. ವರ್ಗಾವಣೆ ಪತ್ರಗಳು, ಜಾತಿ ಮತ್ತು ಆದಾಯ ಪ್ರಮಾಣ ಪತ್ರಗಳ ಪ್ರತಿಗಳು, ಆಧಾರ್ ಸಂಖ್ಯೆಗಳು, ವಿದ್ಯಾರ್ಥಿವೇತನಕ್ಕಾಗಿ ಪಡೆದ ತಾಯಂದಿರ ಬ್ಯಾಂಕ್ ಖಾತೆಗಳು, ಅಧ್ಯಾಪಕರ ಸೇವಾ ವಿವರಗಳು, ದಾನಿಗಳ ವಿಳಾಸಗಳು. ಇಪ್ಪತ್ತು ವರ್ಷಗಳ ಮಕ್ಕಳ ಬದುಕು ಅಲ್ಲಿತ್ತು. ಖಾಸಗಿ ಮಾಹಿತಿಯ ರಕ್ಷಣೆಗೆಂದು ನಮ್ಮ ದೇಶದಲ್ಲಿ 2023ರಲ್ಲಿ ಕಾಯಿದೆಯಾಗಿದೆ. ಹದಿನೆಂಟು ತುಂಬದವರೆಲ್ಲರನ್ನೂ ಅದು ಮಕ್ಕಳೆಂದೇ ಗಣಿಸಿ ಅವರ ಮಾಹಿತಿಗೆ ಹೆಚ್ಚಿನ ಕಾವಲನ್ನು ಹೇಳುತ್ತದೆ. ಕಾಯಿದೆ ಇರಲಿ, ಇಲ್ಲದಿರಲಿ, ನಂಬಿ ಕೊಟ್ಟವರ ಗುಟ್ಟನ್ನು ಸಂತೆಗೆ ಕಳುಹಿಸುವ ಅಧಿಕಾರ ನಮಗಿಲ್ಲ. ಸಭೆ ಠರಾವು ಮಾಡಿ ಮೂವರ ಸಮಿತಿಯನ್ನು ನೇಮಿಸಿತು. ಗಣಕ ಶಿಕ್ಷಕಿ, ಗುಮಾಸ್ತರು, ಜೊತೆಗೆ ನಾನು. ಗಣಕ ಶಿಕ್ಷಕಿ ನನ್ನ ಹಳೆಯ ವಿದ್ಯಾರ್ಥಿನಿಯೇ. ಆ ವರ್ಷದ ಕಾರ್ತಿಕ ಮಾಸದ ಭಾನುವಾರಗಳೆಲ್ಲ ನಮಗೆ ಈ ಕೆಲಸದಲ್ಲಿಯೇ ಕಳೆದುವು.

ಅಳಿಸಿದುದು ಅಳಿಯದೆ ಉಳಿಯುವುದು ಹೇಗೆಂದು ನನಗೆ ತಿಳಿಸಿದವಳು ಆಕೆ. “ಗುರುಗಳೇ, ಒಳಗಿರೋ ತಟ್ಟೆಗೆ ಒಂದು ಪರಿವಿಡಿ ಇರ್ತದೆ. ನಾವು ಅಳಿಸಿದಾಗ ಪರಿವಿಡಿಯಿಂದ ಹೆಸರು ಹೋಗ್ತದೆ, ಪುಟ ಹಾಗೇ ಇರ್ತದೆ. ಅದರ ಮೇಲೆ ಬೇರೇದನ್ನ ಬರೆಯೋವರೆಗೂ ಇರ್ತದೆ” ಎಂದಳು. ಕೇಳುತ್ತಿದ್ದಂತೆ ಗುರುಗಳ ಮನೆಯ ತಾಳೆಗರಿ ನನ್ನ ಕಣ್ಣಮುಂದೆ ಬಂತು. ತಾಳೆಗರಿಯ ಮೇಲೆ ಶಾಯಿಯಿಂದ ಬರೆಯುವುದಿಲ್ಲ, ಕಂಠದಿಂದ ಕೊರೆಯುತ್ತಾರೆ. ಕೊರೆದ ಅಕ್ಷರ ಕಣ್ಣಿಗೆ ಕಾಣಲೆಂದು ಮೇಲೆ ಕಾಡಿಗೆಯನ್ನು ಸವರಿ ಒರೆಸುತ್ತಾರೆ. ಕಾಡಿಗೆ ಹೋದರೆ ಗರಿ ಬರಿದಾದಂತೆ ತೋರುತ್ತದೆ. ಮತ್ತೆ ಸವರಿದರೆ ಶತಮಾನದ ಹಿಂದಿನ ಅಕ್ಷರಗಳು ಎದ್ದು ನಿಲ್ಲುತ್ತವೆ. ನಾನು ಮನೆಯ ಯಂತ್ರದಲ್ಲಿ ಒರೆಸಿದ್ದು ಕಾಡಿಗೆಯನ್ನು ಮಾತ್ರ!

ವ್ಯಾಕರಣ ಬಲ್ಲವನಿಗೆ ಇದು ಮೊದಲೇ ಹೊಳೆಯಬೇಕಾಗಿತ್ತು. ಲೋಪವೆಂದರೆ ಕಾಣದಿರುವಿಕೆಯೆಂದು ಪಾಣಿನಿ ಮಹರ್ಷಿಗಳು ಹೇಳಿದರೇ ಹೊರತು ನಾಶವೆಂದು ಹೇಳಲಿಲ್ಲ. ಲೋಪವಾದ ವರ್ಣ ಕಣ್ಮರೆಯಾಗಿದ್ದರೂ ತನ್ನ ಕೆಲಸವನ್ನು ಮಾಡುತ್ತಲೇ ಇರಬಲ್ಲುದು. ಇರುವುದನ್ನು ನಿಜವಾಗಿ ಹೊರಗಟ್ಟುವುದು ಆದೇಶ. ಆಗಮವು ಮಿತ್ರನಂತೆ ಬಂದು ಪಕ್ಕದಲ್ಲಿ ಕೂರುತ್ತದೆ, ಆದೇಶವು ಶತ್ರುವಿನಂತೆ ಬಂದು ಇದ್ದುದನ್ನೆಬ್ಬಿಸಿ ಅದರ ಜಾಗದಲ್ಲಿ ತಾನು ಕೂರುತ್ತದೆಯೆಂದು ಪಾಠಶಾಲೆಯಲ್ಲಿ ಕಲಿತಿದ್ದೆ. ತಟ್ಟೆಯ ಮೂಲೆ ಮೂಲೆಯಲ್ಲಿಯೂ ಸೊನ್ನೆಯನ್ನು ಆದೇಶವಾಗಿ ಬರೆದರೆ ಹಳೆಯದು ಹೋಗುತ್ತದೆ. ಇದನ್ನು ಹೇಳಿದಾಗ ಶಿಕ್ಷಕಿ ನಕ್ಕು, “ಪರೀಕ್ಷೆಗೆ ಇದನ್ನೇ ಬರೆದಿದ್ರೆ ನನಗೆ ಪೂರ್ತಿ ಅಂಕ ಕೊಡ್ತಿದ್ರೇನು, ಗುರುಗಳೇ?” ಎಂದಳು.

ಆದರೆ ಆದೇಶಕ್ಕೆ ಮುನ್ನ ಮಾಡಬೇಕಾದ ಕೆಲಸವೊಂದಿತ್ತು. ಉಳಿಸಬೇಕಾದುದನ್ನು ಮೊದಲು ಉಳಿಸಬೇಕು. ಒಂದೊಂದು ಯಂತ್ರವನ್ನೂ ತೆರೆದು, ಶಾಲೆಗೆ ಬೇಕಾದ ದಾಖಲೆಗಳನ್ನು ಆರಿಸಿ, ಎರಡು ಬೇರೆ ಬೇರೆ ಸಂಗ್ರಾಹಕಗಳಲ್ಲಿ ಪ್ರತಿ ಮಾಡಿದೆವು. ಒಂದು ಕಚೇರಿಯ ಕಪಾಟಿನಲ್ಲಿ, ಇನ್ನೊಂದು ಬೇರೊಂದು ಕಟ್ಟಡದಲ್ಲಿ. ಒಂದೇ ಪ್ರತಿಯಿದ್ದ ಗ್ರಂಥಗಳೆಷ್ಟು ಗೆದ್ದಲಿನ ಪಾಲಾದುವೆಂಬುದು ಹಸ್ತಪ್ರತಿಗಳ ಲೋಕವನ್ನು ಬಲ್ಲವರಿಗೆ ಗೊತ್ತು.

ಎರಡನೆಯ ಭಾನುವಾರದ ಮಧ್ಯಾಹ್ನ. ಹಳೆಯ ಯಂತ್ರವೊಂದರಲ್ಲಿ ಶಿಕ್ಷಕಿಗೆ ಒಂದು ಕಡತ ಸಿಕ್ಕಿತು. ಹೊಸ ಯಂತ್ರಕ್ಕೆ ಹಾಕಿ ತೆರೆದರೆ ಪುಟದ ತುಂಬ ಇಂಗ್ಲಿಷಿನ ಒಡಕು ಅಕ್ಷರಗಳು, ತಲೆಯ ಮೇಲೆ ಚುಕ್ಕೆ ಗೀಟುಗಳು, ಒಂದಕ್ಕೂ ಅರ್ಥವಿಲ್ಲ. “ಇದು ಕೆಟ್ಟುಹೋಗ್ಯದೆ ಗುರುಗಳೇ, ತೆಗೆದುಬಿಡಲೇನು?” ಎಂದು ಕೇಳಿದಳು. ನಾನು ಕನ್ನಡಕ ಸರಿಪಡಿಸಿಕೊಂಡು ನೋಡಿದೆ. ಅದು ಕೆಟ್ಟದ್ದಲ್ಲ, ನುಡಿಯ ಹಳೆಯ ಅಕ್ಷರರೂಪದಲ್ಲಿ ಬರೆದದ್ದು. ಆ ಕಾಲದ ಕನ್ನಡ ಬರಹ ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ತುಣುಕುಗಳನ್ನು ಕೂಡಿಸಿ ನಿಲ್ಲುತ್ತಿತ್ತು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ವೇಷ ಕಳಚಿದ ಪಾತ್ರದಂತೆ ಇಂಗ್ಲಿಷಾಗಿ ನಿಂತುಬಿಡುತ್ತದೆ. ಯೂನಿಕೋಡ್ ಎಂಬ ವಿಶ್ವಮಾನ್ಯ ಸಂಕೇತದಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಸ್ಥಾನವಿರುವುದರಿಂದ ಈಗಿನ ಬರಹಗಳಿಗೆ ಈ ಗತಿಯಿಲ್ಲ. ಹಳೆಯ ಅಕ್ಷರಶೈಲಿಯನ್ನು ಹಾಕಿದೊಡನೆ ಪುಟ ಕನ್ನಡವಾಯಿತು.

ಓದಿದವನು ಮೂಕನಾದೆ. ನಮ್ಮ ಶಾಲೆಯ ಹಿರಿಯ ಅಧ್ಯಾಪಕರೊಬ್ಬರು, ತಮ್ಮ ಕೊನೆಯ ವರ್ಷಗಳಲ್ಲಿ, ಕಣ್ಣು ಮಂಜಾದಾಗ, ಶಾಲೆಯ ಮೊದಲ ದಿನಗಳನ್ನು ಹೇಳಿ ನನ್ನಿಂದ ಬರೆಸಿದ ನೆನಪುಗಳವು, ಹನ್ನೊಂದು ಪುಟ. ಆ ವರ್ಷ ಸಂಚಿಕೆ ಹೊರಬರಲಿಲ್ಲ. ಅವರು ತೀರಿಕೊಂಡರು. ಬರಹ ಎಲ್ಲಿಯೋ ಕಳೆಯಿತೆಂದು ನಾನು ಕೈಬಿಟ್ಟಿದ್ದೆ. ಒಂದು ಗುಂಡಿಯನ್ನೊತ್ತಿದ್ದರೆ ಅದು ಶಾಶ್ವತವಾಗಿ ಹೋಗುತ್ತಿತ್ತು. ಒಂದೆಡೆ ಉಳಿಯಬಾರದ್ದು ಉಳಿದು ನನ್ನನ್ನು ನಾಚಿಸಿತ್ತು. ಇನ್ನೊಂದೆಡೆ ಉಳಿಯಲೇಬೇಕಾದುದು ಅಳಿವಿನ ಅಂಚಿನಲ್ಲಿತ್ತು. ಅಳಿಸುವುದಕ್ಕೂ ಉಳಿಸುವುದಕ್ಕೂ ಬೇಕಾದದ್ದು ಒಂದೇ: ತೆರೆದು ನೋಡುವ ಸಹನೆ. ಆ ಹನ್ನೊಂದು ಪುಟಗಳಿಂದ ಒಂದು ಮಾತನ್ನು ಕೊನೆಯಲ್ಲಿ ಹೇಳುತ್ತೇನೆ. ಅಂದಿನಿಂದ ನುಡಿಯ ಹಳೆಯ ಕಡತಗಳನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳು ತಪ್ಪಾಗಿ ಕೂತಲ್ಲಿ ನಾನೇ ಕುಳಿತು ತಿದ್ದಿದೆ.

ಆಮೇಲೆ ಅಳಿಸುವ ಕೆಲಸ. ಐದುನೂರು ಜಿಬಿಯ ತಟ್ಟೆಯೊಂದನ್ನು ಸೊನ್ನೆಗಳಿಂದ ತುಂಬಲು ಎರಡು ಮೂರು ಗಂಟೆ ಹಿಡಿಯಿತು. ನಡುವೆ ವಿದ್ಯುತ್ತು ಹೋದರೆ ಮತ್ತೆ ಮೊದಲಿನಿಂದ. ಹೋಗದೆ ಇರುತ್ತದೆಯೆ? ಹಿಂದೆ ಏಳು ಬಾರಿ, ಮೂವತ್ತೈದು ಬಾರಿ ಬರೆಯಬೇಕೆಂಬ ಮಾತಿತ್ತಂತೆ. ಇಂದಿನ ಕಾಂತೀಯ ತಟ್ಟೆಗಳಿಗೆ ಪೂರ್ತಿಯಾಗಿ ಒಂದು ಬಾರಿ ಬರೆದರೆ ಸಾಕೆಂಬುದು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಾದ ನಿಸ್ಟ್ 2006ರಿಂದ ಪ್ರಕಟಿಸುತ್ತ, ತಿದ್ದುತ್ತ ಬಂದಿರುವ ಮಾರ್ಗದರ್ಶಿಯ ಅಭಿಪ್ರಾಯ. ಕಚೇರಿಯ ಮೂರು ಯಂತ್ರಗಳಲ್ಲಿ ತಿರುಗುವ ತಟ್ಟೆಯ ಬದಲು ಎಸ್‌ಎಸ್‌ಡಿ ಇತ್ತು. ಅದು ಎಲ್ಲಿ ಬರೆಯಬೇಕೆಂಬುದನ್ನು ತಾನೇ ಆಯ್ದುಕೊಳ್ಳುವುದರಿಂದ ಮೇಲೆ ಬರೆದರೆ ಹಳೆಯದು ಪೂರ್ತಿ ಹೋಯಿತೆಂದು ನೆಚ್ಚುವಂತಿಲ್ಲ. ತಯಾರಕರೇ ಅದರೊಳಗಿರಿಸಿದ ಅಳಿಸುವ ಆಜ್ಞೆಯನ್ನು ಬಳಸಬೇಕು. ಎರಡು ತಟ್ಟೆಗಳು ಬರೆಯಲೂ ಒಲ್ಲವು, ಓದಲೂ ಒಲ್ಲವು. ಅವುಗಳನ್ನು ಬಡಗಿಯ ಬಳಿಗೆ ಒಯ್ದು ಬೈರಿಗೆಯಿಂದ ತೂತು ಹಾಕಿಸಿದೆವು. ಪ್ರತಿಯೊಂದು ಯಂತ್ರದ ಸಂಖ್ಯೆಯ ಮುಂದೆ, ಅಳಿಸಿದ ದಿನಾಂಕ, ಅಳಿಸಿದ ಬಗೆ, ಇಬ್ಬರ ಸಹಿ. ಅನಂತರವೇ ಡೆಡ್ ಸ್ಟಾಕ್ ಪುಸ್ತಕದಲ್ಲಿ ಅದರ ಹೆಸರನ್ನು ಹೊಡೆದುಹಾಕಿದೆವು.

ಮೈ ತೊಳೆಯುವ ಕೆಲಸದಲ್ಲಿ ನಮ್ಮ ಜವಾನರು ನಮಗೆಲ್ಲ ಗುರುವಾದರು. ಪೆಟ್ಟಿಗೆಗಳ ಮುಚ್ಚಳ ತೆಗೆದರೆ ಒಳಗೆ ನಮ್ಮ ಸೀಮೆಯ ಮಣ್ಣೆಲ್ಲ ಬಂದು ಕೂತಿತ್ತು. ಒಂದರಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿತ್ತು. ಇನ್ನೊಂದರಲ್ಲಿ ಒಣಗಿದ ಹಲ್ಲಿ. ಗಾಳಿ ಊದುವ ಯಂತ್ರವನ್ನು ಹೊರಗೆ ಬಯಲಿನಲ್ಲಿ ಹಿಡಿದು, ಬೀಸಣಿಗೆ ಸುತ್ತದಂತೆ ಬೆರಳಿನಿಂದ ಒತ್ತಿಕೊಂಡು ಧೂಳು ಹಾರಿಸಿದೆವು. ನೆನಪಿನ ಪಟ್ಟಿಗಳ ಚಿನ್ನದ ಬಣ್ಣದ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿದಾಗ, ಸತ್ತವೆಂದಿದ್ದ ಮೂರು ಯಂತ್ರಗಳು ಎದ್ದು ಕೂತುವು. ಹಲವು ಯಂತ್ರಗಳು ತಮ್ಮ ಗಡಿಯಾರವನ್ನು ಮರೆತು ಹತ್ತಿಪ್ಪತ್ತು ವರ್ಷ ಹಿಂದಿನ ದಿನಾಂಕವನ್ನು ತೋರುತ್ತಿದ್ದುವು. ನಾಣ್ಯದಂಥ ಸಣ್ಣ ಬ್ಯಾಟರಿಯನ್ನು ಬದಲಿಸಿದೊಡನೆ ವರ್ತಮಾನಕ್ಕೆ ಬಂದುವು. ಮನುಷ್ಯರಿಗೂ ಇಂಥದೊಂದು ಬ್ಯಾಟರಿ ಇದ್ದಿದ್ದರೆ ನಮ್ಮಂಥ ಪಂಡಿತರಿಗೆ ಎಷ್ಟು ಉಪಕಾರವಾಗುತ್ತಿತ್ತು!

ಒಟ್ಟು ಲೆಕ್ಕ ಹೀಗಾಯಿತು. ಎಂಟು ಯಂತ್ರಗಳು ಏಳಲಾರದವು. ಅವುಗಳ ಒಳ್ಳೆಯ ಬಿಡಿಭಾಗಗಳನ್ನು ಉಳಿದವುಗಳಿಗೆ ಹಾಕಿದೆವು. ಹದಿನಾಲ್ಕು ಗಟ್ಟಿಯಾದುವು. ಇವುಗಳಿಗೆ ಹಣ ಕೊಡದೆ ಬಳಸಬಹುದಾದ, ಪ್ರತಿ ಮಾಡಿ ಹಂಚಲು ಯಾವ ತಡೆಯೂ ಇಲ್ಲದ ಲಿನಕ್ಸ್ ತಂತ್ರಾಂಶವನ್ನು ಹಾಕಿ, ಕನ್ನಡ ಕೀಲಿಮಣೆಯನ್ನೂ ಅಕ್ಷರಶೈಲಿಗಳನ್ನೂ ಜೋಡಿಸಿದೆವು. ಕೇರಳದ ಸರಕಾರಿ ಶಾಲೆಗಳು ಬಹುಕಾಲದಿಂದ ಇಂಥ ಮುಕ್ತ ತಂತ್ರಾಂಶವನ್ನೇ ಬಳಸುತ್ತಿವೆ. ಕಾಸರಗೋಡಿನ ಕನ್ನಡ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ. ಪ್ರತಿ ಮಾಡಿ ಹಂಚುವುದು ಕನ್ನಡಕ್ಕೆ ಹೊಸದೇನಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆ ನಮ್ಮವಳಲ್ಲವೆ? ಬಳಸಿದ ಯಂತ್ರಗಳನ್ನು ಶಾಲೆಗಳಿಗೆ ಕೊಡುವ ಪದ್ಧತಿಯೂ ನಮ್ಮ ನಾಡಿನಲ್ಲಿ ಬೇರೂರಿದ್ದೇ. 1999ರಲ್ಲಿಯೇ ಇನ್ಫೋಸಿಸ್ ಸಂಸ್ಥೆ ‘ಕಂಪ್ಯೂಟರ್ಸ್ ಅಟ್ ಕ್ಲಾಸ್‌ರೂಮ್ಸ್’ ಎಂಬ ಹೆಸರಿನಲ್ಲಿ ಅದನ್ನು ಆರಂಭಿಸಿತ್ತು.

ಹದಿನಾಲ್ಕರಲ್ಲಿ ನಾಲ್ಕನ್ನು ಪೋಷಕರಿಗೆ ಸಾಧಾರಣ ಬೆಲೆಗೆ ಮಾರಿದೆವು. ಬಂದ ಹಣ ಬ್ಯಾಟರಿ, ಕೇಬಲ್ಲು, ನೆನಪಿನ ಪಟ್ಟಿಗಳಿಗೆ ಸರಿಹೋಯಿತು. ಶಾಲೆಯ ಬೊಕ್ಕಸದಿಂದ ಒಂದು ರೂಪಾಯಿಯೂ ಹೋಗಲಿಲ್ಲ. ಸತ್ತ ಎಂಟನ್ನು ಗುಜರಿಗೆ ಕೊಡಲಿಲ್ಲ. ಗುಜರಿಯವನ ಮೇಲೆ ನನಗೆ ಸಿಟ್ಟಿಲ್ಲ, ಅವನದೂ ಹೊಟ್ಟೆಪಾಡು. ಆದರೆ ತಾಮ್ರಕ್ಕಾಗಿ ತಂತಿಗಳನ್ನು ಬಯಲಲ್ಲಿ ಸುಟ್ಟರೆ ಆ ಹೊಗೆಯನ್ನು ಕುಡಿಯುವವರು ಅವನ ಮಕ್ಕಳೇ. ಹಳೆಯ ಗುಡಾಣ ಪರದೆಗಳ ಗಾಜಿನಲ್ಲಿ ಸೀಸವಿದೆ; ಅದು ಕೆರೆಯಂಗಳಕ್ಕೆ ಬಿದ್ದರೆ ನೀರಿಗಿಳಿಯುತ್ತದೆ. ಇ-ತ್ಯಾಜ್ಯದ ನಿಯಮಗಳು ದೇಶದಲ್ಲಿ 2012ರ ಮೇ ತಿಂಗಳಿಂದ ಜಾರಿಗೆ ಬಂದುವು. ಈಗಿರುವುದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಹೊಸ ನಿಯಮ. ಬೆಂಗಳೂರಿನ ಸಮೀಪ ದಾಬಸ್‌ಪೇಟೆಯಲ್ಲಿ ‘ಇ-ಪರಿಸರ’ ಘಟಕ 2005ರಲ್ಲಿಯೇ ಆರಂಭವಾದುದನ್ನು ನೆನೆದರೆ ಈ ದಾರಿಯನ್ನು ತೋರಿದವರಲ್ಲಿ ನಮ್ಮ ನಾಡಿನವರೇ ಮುಂದೆಂದು ಹೇಳಬಹುದು. ನಮ್ಮ ಎಂಟನ್ನೂ ನೋಂದಾಯಿತ ಘಟಕವೊಂದಕ್ಕೆ ಕಳುಹಿಸಿ ರಸೀದಿಯನ್ನು ಕಡತದಲ್ಲಿಟ್ಟೆವು.

ಉಳಿದ ಹತ್ತು ಯಂತ್ರಗಳು ತಾಲೂಕಿನ ಎರಡು ಹಳ್ಳಿಗಳ ಶಾಲೆಗಳಿಗೆ ಹೋದುವು. ಒಂದಕ್ಕೆ ಆರು, ಇನ್ನೊಂದಕ್ಕೆ ನಾಲ್ಕು. ಕೊಡುವ ಮುನ್ನ ಆ ಶಾಲೆಗಳಿಗೆ ಹೋಗಿ, ಗೋಡೆಯಲ್ಲಿ ವಿದ್ಯುತ್ತಿನ ಸಂಪರ್ಕವಿದೆಯೆ, ಮಳೆ ಸೋರುತ್ತದೆಯೆ, ಹೇಳಿಕೊಡುವವರಿದ್ದಾರೆಯೆ ಎಂದು ವಿಚಾರಿಸಿದೆವು. ಪ್ರತಿ ಯಂತ್ರದ ಮೇಲೂ, ಅದರಲ್ಲಿ ಏನಿದೆ, ಏನಿಲ್ಲ, ಏನನ್ನು ಬದಲಿಸಿದೆ ಎಂಬುದನ್ನು ಕನ್ನಡದಲ್ಲಿ ಬರೆದ ಚೀಟಿ ಅಂಟಿಸಿದ್ದೆವು. ಕೊರತೆಯನ್ನು ಮುಚ್ಚಿಟ್ಟು ಕೊಡಬಾರದೆಂಬುದು ಸಮಿತಿಯ ನಿಶ್ಚಯ.

ಮೊದಲ ಹಳ್ಳಿಯಲ್ಲಿ ಯಂತ್ರಗಳನ್ನು ಜೋಡಿಸಿದ ಮೇಲೆ ಏಳನೆಯ ತರಗತಿಯ ಬಾಲಕಿಯೊಬ್ಬಳನ್ನು ಕೂರಿಸಿ ಹೆಸರು ಬರೆಯಲು ಹೇಳಿದೆ. ಅವಳ ಹೆಸರಿನಲ್ಲೊಂದು ಒತ್ತಕ್ಷರವಿತ್ತು. ಕೂಡಿಸುವ ಕೀಲಿಯನ್ನು ತೋರಿಸಿದೆ. ಅಕ್ಷರದ ಕೆಳಗೆ ಒತ್ತು ಮೂಡಿದಾಗ ಅವಳ ಮುಖ ಅರಳಿತು. ಆಮೇಲೆ ಪರದೆಯ ಹಿಂದೆ ಒಮ್ಮೆ ಇಣುಕ ನೋಡಿ, “ಸರ್, ಇದರಾಗ ಮೊದ್ಲು ಏನಿತ್ರೀ?” ಎಂದು ಕೇಳಿದಳು. ಮಕ್ಕಳು ಕೇಳಬೇಕಾದ ಪ್ರಶ್ನೆಯನ್ನೇ ಕೇಳುತ್ತಾರೆ. “ಬೇರೆ ಮಕ್ಕಳ ವಿಷಯ ಇತ್ತವ್ವಾ. ಅದನ್ನ ಅವರಿಗೇ ಬಿಟ್ಟು ಬಂದೀವಿ. ಇನ್ನು ಮುಂದೆ ನಿನ್ನದೇ” ಎಂದೆ. ಹತ್ತು ವರ್ಷಗಳಿಂದ ಎದೆಯ ಮೇಲಿದ್ದ ಭಾರ ಆ ಮಾತಿನೊಡನೆ ಅಷ್ಟಿಷ್ಟು ಇಳಿದಂತಾಯಿತು.

ಈಗ ಹಿರಿಯರ ಹನ್ನೊಂದು ಪುಟಗಳ ಮಾತು. ಬರಗಾಲದ ಒಂದು ವರ್ಷ ವಿದ್ಯಾರ್ಥಿನಿಲಯದ ದಾಸೋಹಕ್ಕೆ ಸುತ್ತಲ ಹಳ್ಳಿಗಳ ರೈತರು ಜೋಳ ತಂದುಕೊಡುತ್ತಿದ್ದರಂತೆ. ಕೊಡುವವರ ಮನೆಯಲ್ಲಿಯೇ ಕೊರತೆ. ಆದರೂ ಒಬ್ಬ ಮುದುಕಿ ಒಂದು ಮೊರ ಜೋಳ ತಂದಳಂತೆ. ಕಲ್ಲಿಲ್ಲ, ಮಣ್ಣಿಲ್ಲ, ಹುಳುಕಿಲ್ಲ. ‘ಇಲ್ಲಿ ಹುಡುಗರೇ ಹಸನು ಮಾಡಿಕೊಳ್ತಿದ್ದರಲ್ಲವ್ವ’ ಎಂದು ಇವರೆಂದರೆ, ‘ಹಸನು ಮಾಡದೆ ಕೊಟ್ಟರೆ ಕೊಟ್ಟಂಗೇನ್ರೀ? ಕಲ್ಲು ನಮ್ಮವು, ಜ್ವಾಳ ನಿಮ್ಮವು’ ಎಂದಳಂತೆ. ಆ ಮಾತನ್ನು ಹೇಳಿ ಬರೆಸುವಾಗ ಹಿರಿಯರ ದನಿ ನಡುಗಿದ್ದು ನನಗೀಗ ನೆನಪಿಗೆ ಬರುತ್ತಿದೆ. ಅಂದು ಬೆರಳಚ್ಚಿನ ತಪ್ಪುಗಳ ಕಡೆಗೇ ಗಮನವಿದ್ದುದರಿಂದ ಮಾತಿನ ತೂಕ ನನಗೆ ತಿಳಿಯಲಿಲ್ಲ. ಆ ಹನ್ನೊಂದು ಪುಟಗಳನ್ನು ಈ ಸಂಚಿಕೆಯಲ್ಲಿ ಪೂರ್ತಿಯಾಗಿ ಪ್ರಕಟಿಸಬೇಕೆಂದು ಸಂಪಾದಕರಲ್ಲಿ ಬೇಡಿಕೊಂಡಿದ್ದೇನೆ.

ನಮ್ಮ ಶಾಲೆಗೆ ಕೊಡುಗೆಗಳು ಮುಂದೆಯೂ ಬರುತ್ತವೆ, ಶಾಲೆಯೂ ಇತರರಿಗೆ ಕೊಡುತ್ತದೆ. ಪೂರ್ವವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ: ತಮ್ಮ ಕಚೇರಿಗಳ, ಮನೆಗಳ ಹಳೆಯ ಯಂತ್ರಗಳನ್ನು ಕಳುಹಿಸುವಾಗ ತಮ್ಮ ಬದುಕನ್ನು ಅವುಗಳಿಂದ ಪೂರ್ತಿಯಾಗಿ ತೆಗೆದಿರಿಸಿಕೊಂಡು ಕಳುಹಿಸಿರಿ, ಪ್ರವೇಶದ ಗುಪ್ತಪದ ಬಿಡಿಸಿರಿ, ಚಾರ್ಜರು, ಕೇಬಲ್ಲುಗಳನ್ನು ಜೊತೆಗಿರಿಸಿರಿ, ಕೆಟ್ಟುದನ್ನು ಕೆಟ್ಟಿದೆಯೆಂದು ಬರೆದಿರಿಸಿರಿ. ಮಕ್ಕಳ ವಿವರಗಳನ್ನು ಬರೆದಿಡುವ ಅಧ್ಯಾಪಕ ಬಂಧುಗಳಲ್ಲಿ ಇನ್ನೊಂದು: ನಮ್ಮ ಕೈ ಸೇರಿದ ಒಂದೊಂದು ಗುಟ್ಟಿಗೂ ಕೊನೆಯವರೆಗೆ ನಾವೇ ಕಾವಲುಗಾರರು.

ಕಲ್ಲು ನಮ್ಮವು, ಜೋಳ ಪಡೆಯುವವರವು. ಇದನ್ನು ವಿದ್ವತ್ ಪರೀಕ್ಷೆಯ ಯಾವ ಗ್ರಂಥದಲ್ಲಿಯೂ ನಾನು ಓದಲಿಲ್ಲ. ಅಳಿಸಿಹೋಗಬೇಕಾಗಿದ್ದ ಕಡತವೊಂದರಲ್ಲಿ ಓದಿದೆ.